ಬೆವರದ ಮಡಕೆ ತೋಟಕ್ಕೆ ಬೇಡ

ಬೇಸಿಗೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಪೈಪ್ ಹಿಡಿದು ಗಿಡದ ತಲೆ ಮೇಲೆ ನೀರು ಸುರಿಯೋರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತೆ. ಎಲೆ ಬಾಡಿತು ಅಂತ ಗಾಬರಿ. ಉರಿಬಿಸಿಲಲ್ಲಿ ಕುಂಬಳ, ಸೌತೆ ಎಲೆ ಜೋಲು ಬೀಳೋದೇ ಕಣ್ರೀ, ಸಂಜೆಗೆ ತಾನಾಗೇ ಎದ್ದು ನಿಲ್ಲುತ್ತೆ. ಸಂಜೆಯೂ ಏಳಲಿಲ್ಲ ಅಂದರೆ ಆಗ ಬಾಯಾರಿದೆ ಅಂತ ತಿಳಿಯಿರಿ. ನೀರು ಹಾಕೋದು ಬೆಳಗಿನ ಕಾಫಿಗೆ ಮುಂಚೆ, ಅದೂ ಬುಡಕ್ಕೆ.

ಇನ್ನು ಒಣಗಿದ ಎಲೆ. ನಮ್ಮ ಸೊಸೆ ಉದುರಿದ್ದನ್ನೆಲ್ಲ ಚೊಕ್ಕವಾಗಿ ಗುಡಿಸಿ ಕಸದ ಗಾಡಿಗೆ ಕೊಟ್ಟು, ಆಮೇಲೆ ಬುಡಕ್ಕೆ ಮುಚ್ಚೋಕೆ ಅಂತ ಫೋನಲ್ಲಿ ತೆಂಗಿನ ನಾರು ತರಿಸಿದಳು. ದುಡ್ಡು ಕೊಟ್ಟು! ಎಲೆ, ಹುಲ್ಲು, ತೆಂಗಿನ ಸಿಪ್ಪೆ, ಏನಿದೆಯೋ ಅದನ್ನೇ ಅಂಗೈ ದಪ್ಪ ಹರಡಿ. ಕಾಂಡಕ್ಕೆ ಮಾತ್ರ ತಾಗಿಸಬೇಡಿ, ಕೊಳೆಯುತ್ತೆ. ಪಡುವಣ ಬಿಸಿಲು ಬೀಳೋ ಕಡೆ ಬಸಳೆಯನ್ನೋ ಹೀರೆಯನ್ನೋ ಚಪ್ಪರಕ್ಕೆ ಹಬ್ಬಿಸಿ, ಅದರ ನೆರಳಲ್ಲಿ ಕೊತ್ತಂಬರಿ, ಪುದೀನ ಬದುಕಿಕೊಳ್ಳುತ್ತೆ.

ನಾನು ಆಣೆ ಇಟ್ಟು ಹೇಳೋದು ಹೂಳಿದ ಮಡಕೆಯನ್ನ. ಗಿಡದ ಪಕ್ಕ ಮಣ್ಣಲ್ಲಿ ಹೂತು ನೀರು ತುಂಬಿಟ್ಟರೆ, ಅದು ಮೈಯಿಂದ ಬೆವರಿ ಬೇರಿಗೆ ನಿಧಾನವಾಗಿ ನೀರುಣಿಸುತ್ತೆ. ನಮ್ಮಮ್ಮ ಸಂಕ್ರಾಂತಿಗೆ ಹೊಸ ಮಡಕೆ ತಂದರೆ, ಬಾಯಿ ಚಕ್ಕೆ ಎದ್ದ ಹಳೇ ನೀರಿನ ಮಡಕೆ ಕನಕಾಂಬರದ ಪಾತಿಗೆ ಹೋಗ್ತಿತ್ತು. ಸಾರು ಕಾಯಿಸಿದ ಮಡಕೆ ಮುಟ್ಟಗೊಡುತ್ತಿರಲಿಲ್ಲ. ಎಣ್ಣೆ ಕುಡಿದ ಮಡಕೆಗೆ ಉಸಿರಿರಲ್ಲ ಅನ್ನೋಳು. ಬಣ್ಣ ಬಳಿದದ್ದು, ಮೆರುಗು ಕೊಟ್ಟದ್ದೂ ಹಾಗೇ, ದಂಡ. ಬೆಂಗಳೂರಿನವರು ಪಾಟರಿ ಟೌನಿಗೆ ಹೋಗಿ ಬರೀ ಸುಟ್ಟ ಕೆಂಪು ಮಡಕೆ ಕೇಳಿ. ತಂದು ನೀರು ತುಂಬಿ ರಾತ್ರಿಯಿಡೀ ಜಗಲಿ ಮೇಲಿಡಿ. ಬೆಳಗ್ಗೆ ಹೊರಮೈ ಸವರಿದರೆ ಬೆರಳಿಗೆ ತೇವ ಅಂಟಬೇಕು. ಬೆವರದ ಮಡಕೆಯಲ್ಲಿ ಉಪ್ಪು ಹಾಕಿಡಿ, ತೋಟಕ್ಕೆ ಬೇಡ.

ಗುಂಡಿ ಮಡಕೆಗಿಂತ ನಾಲ್ಕು ಬೆರಳು ಅಗಲ ಇರಲಿ. ಸುತ್ತ ತುಂಬೋ ಮಣ್ಣಲ್ಲಿ ಕಲ್ಲು, ಹೆಂಟೆ ಇರಬಾರದು. ಸ್ವಲ್ಪ ಸ್ವಲ್ಪವೇ ಹಾಕಿ, ನೀರು ಚಿಮುಕಿಸಿ, ಕೈಯಿಂದ ಒತ್ತುತ್ತಾ ಬನ್ನಿ. ಮಡಕೆಗೂ ಮಣ್ಣಿಗೂ ನಡುವೆ ಸಂದು ಉಳಿದರೆ ನೀರು ದಾಟೋದೇ ಇಲ್ಲ; ಎಷ್ಟೋ ಜನ ಇಲ್ಲೇ ಎಡವಿ, ಮಡಕೆ ಸರಿಯಿಲ್ಲ ಅಂತಾರೆ. ಕುತ್ತಿಗೆ ಎರಡು ಬೆರಳು ಮೇಲಿರಲಿ, ಅದಕ್ಕೆ ಸುಣ್ಣ ಬಳಿಯಿರಿ, ಬಿಸಿಲಿಗೆ ಅಲ್ಲೇ ನೀರು ಆರಿಹೋಗಲ್ಲ. ಗಿಡ ಒಂದು ಗೇಣು ದೂರದಲ್ಲಿ. ನೀರನ್ನು ಬಟ್ಟೆಯಲ್ಲಿ ಸೋಸಿ ಹಾಕಿ, ಚಪ್ಪಟೆ ಕಲ್ಲು ಮುಚ್ಚಿ. ಮುಚ್ಚದೆ ಬಿಟ್ಟರೆ ಸೊಳ್ಳೆ ಸಾಕಿದ ಹಾಗೆ. ಮಣ್ಣು ಒಣಗಿದಷ್ಟು ಎಳೆದುಕೊಳ್ಳುತ್ತೆ, ತೇವ ಇದ್ದರೆ ಮಡಕೆ ಸುಮ್ಮನಿರುತ್ತೆ. ಎರಡು ಮೂರು ದಿನಕ್ಕೊಮ್ಮೆ ಇಣುಕಿ ತುಂಬಿದರೆ ಸಾಕು. ಬೋರ್‌ವೆಲ್ ನೀರಾದರೆ ಮಡಕೆ ಮೈಮೇಲೆ ಬಿಳಿ ಉಪ್ಪು ಕಟ್ಟುತ್ತೆ. ಮಳೆಗಾಲದಲ್ಲಿ ಕಿತ್ತು, ತೆಂಗಿನ ನಾರಲ್ಲಿ ಉಜ್ಜಿ, ಒಣಗಿಸಿಡಿ.

ನಾರು ಅಂದೆ, ಸೋಪು ಅನ್ನಲಿಲ್ಲ. ಅಡುಗೆಮನೆಯ ಕುಡಿಯೋ ನೀರಿನ ಮಡಕೆಗೂ ಸೋಪು ಹಾಕಿ ತಿಕ್ಕೋರಿದ್ದಾರೆ. ಮಣ್ಣು ಸೋಪನ್ನೂ ಕುಡಿಯುತ್ತೆ ಕಣ್ರಮ್ಮ, ನಾಳೆ ನಿಮಗೇ ಕುಡಿಸುತ್ತೆ.

2024ರ ಮಾರ್ಚಲ್ಲಿ ಬೆಂಗಳೂರಲ್ಲಿ ಕುಡಿಯೋ ನೀರು ಕೈತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂದಾಗ, ನಮ್ಮನೆ ಬದನೆ, ಮೆಣಸಿನ ಗಿಡ ಅಕ್ಕಿ, ತರಕಾರಿ ತೊಳೆದ ನೀರಲ್ಲೇ ಉಳಿದವು. ಆ ನೀರು ಮಡಕೆಗಲ್ಲ, ನೇರ ಬುಡಕ್ಕೆ. ಗಂಜಿ ಹೋದರೆ ಮಡಕೆ ಹುಳಿ ನಾರುತ್ತೆ. ಮಡಕೆಗೆ ಮಾಳಿಗೆ ಮೇಲಿನ ಡ್ರಮ್ಮಿನ ಮಳೆನೀರು ಹಾಕಿದೆವು.

ತಾರಸಿ ಮೇಲೆ ಕುಂಡ ಇಟ್ಟವರು ಕೆಳಗೆ ಎರಡು ಇಟ್ಟಿಗೆ ಕೊಡಿ, ಕಾದ ಸಿಮೆಂಟಿನ ಮೇಲೆ ಬೇರು ಬೇಯುತ್ತೆ. ಕಪ್ಪು ಪ್ಲಾಸ್ಟಿಕ್ ಕುಂಡವಾದರೆ ಒದ್ದೆ ಗೋಣಿಚೀಲ ಸುತ್ತಿ. ಇದನ್ನೆಲ್ಲ ಶಿವರಾತ್ರಿ ಹೊತ್ತಿಗೇ ಮಾಡಿಕೊಳ್ಳಿ. ಏಪ್ರಿಲಲ್ಲಿ ಗಿಡ ಸುಟ್ಟ ಮೇಲೆ ಫೋಟೋ ಕಳಿಸಿ "ಅಜ್ಜೀ, ಏನ್ಮಾಡಲಿ" ಅಂದರೆ, ಕಿತ್ತು ಗೊಬ್ಬರದ ಗುಂಡಿಗೆ ಹಾಕು ಅಂತೀನಿ.