ಹೊನಗೊನ್ನೆ ಗುರುತು ಹಿಡಿದು ಉಪ್ಸಾರು ಮಾಡುವುದು ಹೇಗೆ?

ಮಂಡ್ಯದ ಕಡೆ ಭತ್ತದ ಗದ್ದೆಯಲ್ಲಿ ಕಳೆ ಕೀಳುವ ಹೆಂಗಸರು ಕಿತ್ತದ್ದನ್ನೆಲ್ಲ ಎಸೆಯುವುದಿಲ್ಲ. ಒಂದಷ್ಟು ಮಡಿಲಿಗೆ ಹೋಗುತ್ತದೆ. ಸಂಜೆ ಅದೇ ಬೆರಕೆ ಸೊಪ್ಪಿನ ಸಾರು. ಆ ಬೆರಕೆಯಲ್ಲಿ ಹೊನಗೊನ್ನೆ ಇರಲೇಬೇಕು. ತೇವ ಆರದ ಜಾಗವೆಂದರೆ ಇದಕ್ಕೆ ಇಷ್ಟ. ಇರ್ವಿನ್ ನಾಲೆ ಎಂದಿದ್ದ ಇಂದಿನ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ನೀರು ಹರಿಯುವ ಊರುಗಳಲ್ಲಿ ಕಾಲುವೆ ಅಂಚು, ಗದ್ದೆ ಬದು ಎಲ್ಲಿ ನೋಡಿದರೂ ಹಬ್ಬಿರುತ್ತದೆ.

ಸಾರು ಮಾಡುವುದು ಸುಲಭ. ಸರಿಯಾದ ಗಿಡವನ್ನು, ಸರಿಯಾದ ಜಾಗದಿಂದ ಕೀಳುವುದೇ ಕಷ್ಟದ ಕೆಲಸ. ಅಲ್ಲಿಂದಲೇ ಶುರು ಮಾಡೋಣ.

ಮೊದಲು ಗುರುತು

ಹೊನಗೊನ್ನೆ ದಂಟು, ಕೀರೆ ಸೊಪ್ಪಿನ ಕುಟುಂಬದ್ದೇ. ಸಸ್ಯಶಾಸ್ತ್ರದ ಹೆಸರು ಆಲ್ಟರ್ನಾಂಥೆರಾ ಸೆಸಿಲಿಸ್. ಗಿಡ ನೆಟ್ಟಗೆ ನಿಲ್ಲುವುದಕ್ಕಿಂತ ನೆಲದ ಮೇಲೆ ಹರಡುವುದೇ ಜಾಸ್ತಿ. ಒಂದು ಕಡ್ಡಿ ಎತ್ತಿ ನೋಡಿ: ಮಣ್ಣು ತಾಗಿದ ಗೆಣ್ಣಿನಲ್ಲೆಲ್ಲ ಬಿಳಿ ಬೇರು ಇಳಿದಿರುತ್ತದೆ. ಎಲೆಗಳು ಎದುರುಬದುರಾಗಿ ಜೋಡಿ ಜೋಡಿ. ಅಂಚು ನಯ, ತುದಿ ಚೂಪು. ಕಾಂಡ ಹಸಿರು, ಕೆಲವು ಸಲ ಕೆಂಪು ಛಾಯೆ. ಎಳೆ ಕಾಂಡವನ್ನು ಬೆಳಕಿಗೆ ಹಿಡಿದರೆ ಎರಡೂ ಪಕ್ಕದಲ್ಲಿ ಸಣ್ಣ ರೋಮದ ಗೆರೆ ಕಾಣುತ್ತದೆ.

ಇಷ್ಟರಿಂದಲೇ ತೀರ್ಮಾನ ಮಾಡಬೇಡಿ. ಹೂವು ನೋಡಿ. ಎಲೆ ಕಾಂಡಕ್ಕೆ ಸೇರುವ ಕಂಕುಳಿನಲ್ಲಿ ಬಿಳಿ ಹೂಗಳ ಪುಟ್ಟ ಗುಂಡು ತೊಟ್ಟೇ ಇಲ್ಲದೆ ಕಾಂಡಕ್ಕೆ ಅಂಟಿಕೊಂಡಿದ್ದರೆ ಅದು ಹೊನಗೊನ್ನೆ. ಮುಟ್ಟಿದರೆ ಒಣ ಕಾಗದದ ಹಾಗೆ ಸರಸರ ಅನ್ನುತ್ತದೆ.

ಅದೇ ಬಿಳಿ ಗುಂಡು ಉದ್ದ ತೊಟ್ಟಿನ ತುದಿಯಲ್ಲಿ ನಿಂತಿದ್ದು, ದಪ್ಪ ಕಾಂಡ ಮುರಿದರೆ ಒಳಗೆ ಟೊಳ್ಳಿದ್ದರೆ ಅದು ದಕ್ಷಿಣ ಅಮೆರಿಕದಿಂದ ಬಂದ ಅದರ ಸೋದರ ಜಾತಿ. ಕೊಳಚೆ ಸೇರುವ ಕೆರೆಗಳಲ್ಲಿ ದಟ್ಟವಾಗಿ ಬೆಳೆಯುತ್ತದೆ. ಬಿಟ್ಟುಬಿಡಿ. ಒಣ ರಸ್ತೆಬದಿಯಲ್ಲಿ, ಹೂಗುಂಡಿನಲ್ಲಿ ಮುಳ್ಳಿದ್ದು ಚಪ್ಪಲಿಗೆ ಚುಚ್ಚಿಕೊಳ್ಳುವ ಇನ್ನೊಂದು ಜಾತಿಯೂ ಇದೆ. ಅದೂ ಬೇಡ. ಬದುವಿನಲ್ಲಿ ಜೊತೆಗೇ ಬೆಳೆಯುವ ಗರಗದ ಸೊಪ್ಪನ್ನೂ ಹೊಸಬರು ಇದೇ ಅಂದುಕೊಳ್ಳುತ್ತಾರೆ. ಗರಗದ ಎಲೆ ಒರಟು, ಹಿಸುಕಿದರೆ ಸ್ವಲ್ಪ ಹೊತ್ತಿಗೆ ರಸ ಕಪ್ಪಾಗುತ್ತದೆ.

ಇನ್ನೂ ಅನುಮಾನ ಇದ್ದರೆ ಊರಿನ ಹಿರಿಯರಿಗೆ ತೋರಿಸಿ. ಮೈಸೂರಿನವರು ದೇವರಾಜ ಮಾರುಕಟ್ಟೆಯ ಸೊಪ್ಪಿನವರನ್ನು ಕೇಳಬಹುದು. ಫೋಟೋ ನೋಡಿ ಕೀಳುವುದನ್ನು ನಾನಂತೂ ಒಪ್ಪುವುದಿಲ್ಲ.

ಎಲ್ಲಿ ಕೀಳಬಾರದು?

ಚರಂಡಿ ನೀರು ಹರಿಯುವ ಕಡೆ ಬೇಡ. ಈ ಗಿಡ ಕೊಳಕು ಮಣ್ಣಿನ ಸೀಸ, ಕ್ಯಾಡ್ಮಿಯಂ ಥರದ ಲೋಹಗಳನ್ನು ಹೀರಿಕೊಳ್ಳುತ್ತದೆ. ಎಷ್ಟು ತೊಳೆದರೂ ಅವು ಹೋಗುವುದಿಲ್ಲ. ಕಳೆನಾಶಕ ಹೊಡೆದ ಬದುವೂ ಬೇಡ. ಗದ್ದೆಯವರನ್ನು ಒಂದು ಮಾತು ಕೇಳಿಯೇ ಕೈ ಹಾಕಿ. ದನ, ಎಮ್ಮೆ ಮೇಯುವ ನೀರಂಚಿನ ಸೊಪ್ಪಿನಲ್ಲಿ ಜಂತುವಿನ ಮೊಟ್ಟೆ, ಮರಿ ಇರಬಹುದು. ಹಾಗಾಗಿ ಹಸಿಯಾಗಿ ಕೋಸಂಬರಿ ಮಾಡುವ ಯೋಚನೆ ಬಿಡಿ, ಬೇಯಿಸಿಯೇ ತಿನ್ನಿ.

ಬೇರು ಸಮೇತ ಕೀಳಬಾರದು. ತುದಿಯ ನಾಲ್ಕು ಬೆರಳುದ್ದ ಕುಡಿ ಚಿವುಟಿದರೆ ಸಾಕು, ಮತ್ತೆ ಚಿಗುರುತ್ತದೆ. ಉಗುರಿಗೆ ಪಟ್ ಅಂತ ಮುರಿಯದ ಕಾಂಡ ಬಲಿತಿದೆ ಎಂದು ತಿಳಿಯಿರಿ.

ಉಪ್ಸಾರು

ನಾಲ್ಕು ಜನಕ್ಕೆ ಬಿಡಿಸಿದ ಸೊಪ್ಪು ಕಾಲು ಕೆ.ಜಿ. ಸಾಕು. ಮೂರು ನಾಲ್ಕು ನೀರಿನಲ್ಲಿ ಜಾಲಿಸಿ. ಗೆಣ್ಣಿನ ಸಂದಿಯ ಮಣ್ಣು ಬೇಗ ಬಿಡುವುದಿಲ್ಲ. ಅರ್ಧ ಲೋಟ ತೊಗರಿಬೇಳೆ ಅಥವಾ ಒಂದು ಲೋಟ ಹಸಿ ಅಲಸಂದೆ ಕಾಳನ್ನು ಆರು ಲೋಟ ನೀರಿನಲ್ಲಿ ಮುಕ್ಕಾಲು ಬೇಯಿಸಿ. ಹೆಚ್ಚಿದ ಸೊಪ್ಪು, ಉಪ್ಪು ಹಾಕಿ ಮುಚ್ಚಳವಿಲ್ಲದೆ ಎಂಟು ಹತ್ತು ನಿಮಿಷ ಕುದಿಸಿ ಬಸಿಯಿರಿ. ಬಸಿದ ನೀರೇ ಉಪ್ಸಾರು. ಕುಕ್ಕರ್ ಬೇಡ, ಬೇಳೆ ಕರಗಿ ನೀರು ಗಟ್ಟಿಯಾದರೆ ಅದು ಉಪ್ಸಾರಾಗುವುದಿಲ್ಲ.

ಈಗ ಖಾರ. ಏಳೆಂಟು ಒಣಮೆಣಸಿನಕಾಯಿ ಹುರಿದು, ಎಂಟು ಹತ್ತು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಅರ್ಧ ಚಮಚ ಮೆಣಸು, ಗೋಲಿಯಷ್ಟು ಹುಣಸೆಹಣ್ಣು, ಉಪ್ಪು ಸೇರಿಸಿ ಬಸಿದ ನೀರನ್ನೇ ಚಿಮುಕಿಸಿ ಅರೆಯಿರಿ. ಒರಳಿನಲ್ಲಿ ಅರೆದ ಖಾರದ ಘಮವೇ ಬೇರೆ. ಮಿಕ್ಸಿಯಾದರೆ ನೀರು ಜಾಸ್ತಿ ಹಾಕಬೇಡಿ.

ಸೊಪ್ಪು, ಕಾಳಿಗೆ ಸಾಸಿವೆ, ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಬಿಸಿ ಮುದ್ದೆ, ಬಸಿದ ಸಾರು, ತಟ್ಟೆಯಂಚಿಗೆ ಖಾರ. ಯಾರಿಗೆ ಎಷ್ಟು ಬೇಕೋ ಅಷ್ಟು ಕಲಸಿಕೊಳ್ಳಬಹುದು, ಅಲ್ವಾ? ಮಕ್ಕಳಿರುವ ಮನೆಗೆ ಇದೇ ಅನುಕೂಲ.

ಕಣ್ಣಿಗೆ ಒಳ್ಳೆಯದಾ?

ಕಣ್ಣಿಗೆ ತಂಪು, ಬಾಣಂತಿಗೆ ಹಾಲು ಹೆಚ್ಚುತ್ತದೆ, ಎಣ್ಣೆ ಕಾಯಿಸಿ ಹಚ್ಚಿದರೆ ಕೂದಲಿಗೆ ಒಳ್ಳೆಯದು ಎಂಬುದು ಹಳೆಯ ಬಳಕೆ. ಆಯುರ್ವೇದ ಇದನ್ನು ಮತ್ಸ್ಯಾಕ್ಷಿ ಎನ್ನುತ್ತದೆ. ಕಣ್ಣಿನ ಮಾತಿಗೆ ಒಂದು ಆಧಾರ ಇದೆ: ಸೊಪ್ಪಿನಲ್ಲಿರುವ ಬೀಟಾ ಕೆರೋಟಿನ್ ಅನ್ನು ದೇಹ ಎ ಜೀವಸತ್ವವಾಗಿ ಮಾಡಿಕೊಳ್ಳುತ್ತದೆ. ಹಾಗಂತ ರಸ ಹಿಂಡಿ ಕಣ್ಣಿಗೆ ಬಿಡಬೇಡಿ. ಒಳ್ಳೆಯದಾಗುವುದು ಊಟದಿಂದ.

ದಂಟಿನ ಕುಟುಂಬದ ಸೊಪ್ಪುಗಳಂತೆ ಇದರಲ್ಲೂ ಮೂತ್ರಪಿಂಡದ ಕಲ್ಲಿಗೆ ಕಾರಣವಾಗಬಲ್ಲ ಆಕ್ಸಲೇಟ್ ಇದೆ. ಕುದಿಸಿದಾಗ ಒಂದಷ್ಟು ನೀರಿಗಿಳಿಯುತ್ತದೆ, ಉಪ್ಸಾರಿನಲ್ಲಿ ನಾವು ಕುಡಿಯುವುದು ಅದೇ ನೀರು! ಮೂತ್ರಪಿಂಡದಲ್ಲಿ ಕಲ್ಲಾದವರು ಸಾರು ಬಿಟ್ಟು, ವೈದ್ಯರನ್ನು ಕೇಳಿ ಸ್ವಲ್ಪ ಪಲ್ಯ ತಿನ್ನಬಹುದು.

ಗದ್ದೆ ಹತ್ತಿರ ಇಲ್ಲದವರು ಸೊಪ್ಪು ಬಿಡಿಸುವಾಗ ಉಳಿದ ಬಲಿತ ಕಡ್ಡಿಗಳನ್ನು ಎಸೆಯಬೇಡಿ. ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಅಗಲ ಬಾಯಿಯ ಕುಂಡದಲ್ಲಿ ಊರಿ, ದಿನಾ ನೀರು ಹಾಕಿ. ಸುಲಭವಾಗಿ ಬೇರು ಬಿಡುತ್ತದೆ. ನೆಲದಲ್ಲಿ ಮಾತ್ರ ನೆಡಬೇಡಿ, ಪಕ್ಕದ ಪಾತಿಗೂ ನುಗ್ಗುತ್ತದೆ.