ಬುಕ್ ಬ್ಯಾಂಕ್ ಸೆಟ್ ಸೆಮಿಸ್ಟರ್ ಪೂರ್ತಿ ಕೊಟ್ಟರೆ ಏನಾಗುತ್ತದೆ: ನನ್ನ ಅನುಭವ

ನಮ್ಮ ಗ್ರಂಥಾಲಯದಲ್ಲಿ ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕಗಳ ಸೆಟ್ ಅನ್ನು ಸೆಮಿಸ್ಟರ್ ಪೂರ್ತಿ ಎರವಲು ಕೊಡುವ ಏರ್ಪಾಡೇ ಬುಕ್ ಬ್ಯಾಂಕ್. ಶುರು ಮಾಡುವಾಗ ‘ಪುಸ್ತಕ ಕೊಟ್ಟ ಮಾತ್ರಕ್ಕೆ ಮಾರ್ಕ್ಸ್ ಬರುತ್ತಾ?’ ಎಂದು ಕೇಳಿದವರೇ ‘ಕೊಟ್ಟದ್ದು ವಾಪಸ್ ಬರುತ್ತಾ?’ ಎಂದೂ ಕೇಳಿದ್ದರು. ಎರಡಕ್ಕೂ ಈಗ ಲೆಕ್ಕ ಇದೆ. ನಮ್ಮಲ್ಲಿ ಎಂ.ಎ., ಎಂ.ಕಾಂ. ಮೊದಲ ಸೆಮಿಸ್ಟರಿನಲ್ಲಿ ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳ ಸರಾಸರಿ ಉಳಿದವರಿಗಿಂತ ಹತ್ತು-ಹನ್ನೆರಡು ಅಂಕ ಕೆಳಗಿರುತ್ತಿತ್ತು. ಸೆಟ್ ಕೊಟ್ಟ ಪೇಪರುಗಳಲ್ಲಿ ಅದು ಐದರ ಆಸುಪಾಸಿಗೆ ಇಳಿದಿದೆ. ಕೊಡದ ಪೇಪರುಗಳಲ್ಲಿ ಅದೇ ಮಕ್ಕಳ ಅಂತರ ಹೆಚ್ಚುಕಡಿಮೆ ಹಾಗೇ ಇದೆ.

ಮೊದಲು ದುಡ್ಡಿನ ಮಾತು. 1978–79ರಲ್ಲಿ ಕೇಂದ್ರ ಶುರು ಮಾಡಿದ ಬುಕ್ ಬ್ಯಾಂಕ್ ಯೋಜನೆ ವೈದ್ಯಕೀಯ, ಎಂಜಿನಿಯರಿಂಗ್‌ನಂಥ ವೃತ್ತಿ ಕೋರ್ಸುಗಳದ್ದು, ಎಂ.ಎ. ಓದುವವರಿಗೆ ಅದರಿಂದ ಏನೂ ಗಿಟ್ಟುತ್ತಿರಲಿಲ್ಲ. ಇಬ್ಬರಿಗೊಂದು ಸೆಟ್, ಪುಸ್ತಕಕ್ಕೆ ಮೂರು ವರ್ಷ ಆಯುಸ್ಸು ಎಂಬ ಅದರ ಲೆಕ್ಕವನ್ನಷ್ಟೇ ಎತ್ತಿಕೊಂಡು, ಹಣವನ್ನು ಎಸ್‌ಸಿಎಸ್‌ಪಿ-ಟಿಎಸ್‌ಪಿ (ಪರಿಶಿಷ್ಟ ಜಾತಿ, ಪಂಗಡಗಳಿಗೆಂದೇ ಮೀಸಲಿಡುವ ಸರ್ಕಾರಿ ಹಣ) ಬಾಬ್ತಿನಿಂದ ತೆಗೆದೆವು. ಇದು ಕೈಗೆ ಬರುವುದೇ ಫೆಬ್ರವರಿಯಲ್ಲಿ, ಮಾರ್ಚ್ 31ರೊಳಗೆ ಬಿಲ್ ಆಗಬೇಕು. ಆ ಗಡಿಬಿಡಿಯಲ್ಲಿ ಸರಬರಾಜುದಾರ ಗೋದಾಮಿನಲ್ಲಿ ಕೊಳೆಯುತ್ತಿದ್ದ ಕಾಂಪಿಟಿಟಿವ್ ಗೈಡು, ವ್ಯಕ್ತಿತ್ವ ವಿಕಸನ ಎಲ್ಲ ತಂದು ಸುರಿಯುತ್ತಾನೆ. ಆದ್ದರಿಂದ ಪಟ್ಟಿ ಡಿಸೆಂಬರಿನಲ್ಲೇ ಸಹಿಯಾಗಿ ಕೂತಿರಬೇಕು. ಒಂದು ಪೇಪರಿಗೆ ಎರಡೇ ಶೀರ್ಷಿಕೆ: ಒಂದು ಕನ್ನಡ, ಒಂದು ಇಂಗ್ಲಿಷ್. ಅರವತ್ತು ಜನರ ತರಗತಿಯಲ್ಲಿ ಇಪ್ಪತ್ತೆರಡು ಅರ್ಹರಿದ್ದರೆ ಹನ್ನೊಂದು ಸೆಟ್, ಹರಿಯುವುದಕ್ಕೆ-ಕಳೆಯುವುದಕ್ಕೆ ಇನ್ನೆರಡು. ನಾಲ್ಕು ಪೇಪರಿನ ಸೆಟ್ಟಿಗೆ ರಿಯಾಯಿತಿ ಕಳೆದು ಎರಡು ಸಾವಿರದ ಒಳಗೇ ಬಿತ್ತೆಂದು ನೆನಪು. ಖರೀದಿ ಸಮಿತಿಗೆ ಇದು ಹಿಡಿಸುವುದಿಲ್ಲ, ಯಾಕೆಂದರೆ ವಾರ್ಷಿಕ ವರದಿಯಲ್ಲಿ ಶೀರ್ಷಿಕೆ ಸಂಖ್ಯೆ ಸೊರಗಿದಂತೆ ಕಾಣುತ್ತದೆ. ಮುನ್ನೂರು ಶೀರ್ಷಿಕೆ ಒಂದೊಂದು ಪ್ರತಿ ತಂದರೆ ವರದಿಗೆ ಚೆಂದ, ವಿದ್ಯಾರ್ಥಿಗೆ ದಂಡ.

ಸೀಲಿನ ವಿಷಯ ಸಣ್ಣದೆನಿಸಬಹುದು, ಆದರೆ ಯೋಜನೆ ಸತ್ತುಹೋಗುವುದೇ ಅಲ್ಲಿ. ಮುಖಪುಟದ ಒಳಗೆ ಎರಡಿಂಚಿನ ಕೆಂಪು ಸೀಲು, ‘ಎಸ್‌ಸಿ/ಎಸ್‌ಟಿ ಬುಕ್ ಬ್ಯಾಂಕ್’ ಎಂದು. ಅದನ್ನು ಹಿಡಿದುಕೊಂಡು ಕ್ಲಾಸಿನಲ್ಲಿ ಕೂರಲು ಯಾರಿಗೂ ಮನಸ್ಸಿಲ್ಲ. ಪುಸ್ತಕ ಬೀರುವಿನಲ್ಲೇ ಹೊಸದಾಗಿ ಉಳಿಯುತ್ತದೆ. ಪ್ರತ್ಯೇಕ ಓದುವ ಮೂಲೆಯ ಗತಿಯೂ ಅದೇ. ಆಡಿಟ್‌ಗೆ ಬೇಕಾದದ್ದು ಅಕ್ಸೆಷನ್ ರಿಜಿಸ್ಟರಿನಲ್ಲಿ (ಬಂದ ಪುಸ್ತಕಗಳನ್ನು ಬರೆದಿಡುವ ದಾಖಲೆ) ಬಾಬ್ತಿನ ಕಾಲಂ ಮತ್ತು ಗುಪ್ತಪುಟದಲ್ಲಿ (ಗ್ರಂಥಾಲಯ ತನ್ನ ಗುರುತು ಹಾಕುವ ಒಂದು ಒಳಪುಟ) ಒಂದು ಸಂಕೇತ, ಅಷ್ಟೇ. ಜೊತೆಗೆ ಅದೇ ಶೀರ್ಷಿಕೆಯ ನಾಲ್ಕೈದು ಪ್ರತಿ ಸಾಮಾನ್ಯ ನಿಧಿಯಿಂದಲೂ ಕೊಂಡು, ಅದೇ ರಟ್ಟು, ಅದೇ ಬಾರ್‌ಕೋಡು ಹಾಕಿ, ಅದೇ ಕೌಂಟರಿನಿಂದ ಕೊಡಬೇಕು. ಯಾವುದು ಯಾರದ್ದು ಎಂದು ಪಕ್ಕದಲ್ಲಿ ಕೂತವನಿಗೆ ತಿಳಿಯಬಾರದು.

ಗ್ರಂಥಾಲಯದ ತಂತ್ರಾಂಶ ಕೋಹಾದಲ್ಲಿ ಇದಕ್ಕೆ ಹೊಸ ಸದಸ್ಯ ವರ್ಗ ಮಾಡಬೇಡಿ, ಹೊಸ ಐಟಂ ಟೈಪ್ (ಪುಸ್ತಕದ ವರ್ಗ) ಮಾಡಿ. ಸರ್ಕ್ಯುಲೇಷನ್ ನಿಯಮದಲ್ಲಿ ಹಾರ್ಡ್ ಡ್ಯೂ ಡೇಟ್ (ಎಂದು ಒಯ್ದರೂ ಒಂದೇ ವಾಪಸಾತಿ ತಾರೀಖು) ಅನ್ನು ಕೊನೆಯ ಪರೀಕ್ಷೆಯ ಮಾರನೇ ವಾರಕ್ಕೆ ಇಡಿ, ದಂಡ ಸೊನ್ನೆ. ಪ್ರತಿ ಸೆಮಿಸ್ಟರಿಗೂ ಈ ತಾರೀಖು ಬದಲಿಸಲೇಬೇಕು. ಮರೆತರೆ ಕೊಡುವಾಗಲೇ ಪುಸ್ತಕ ‘ಓವರ್‌ಡ್ಯೂ’ ಆಗಿ ಹೊರಗೆ ಹೋಗುತ್ತದೆ. ಇನ್ನೊಂದು ಕಡೆ ಯಾರೂ ನೋಡುವುದಿಲ್ಲ: ‘ನೋಇಶ್ಯೂಸ್‌ಚಾರ್ಜ್’ ಎಂಬ ಸೆಟ್ಟಿಂಗ್, ಬಾಕಿ ದಂಡ ಇಷ್ಟು ದಾಟಿದರೆ ಪುಸ್ತಕ ಕೊಡದಂತೆ ತಡೆಯುವಂಥದ್ದು. ಬರುವಾಗಲೇ ಅದರಲ್ಲಿ 5 ಎಂದಿರುತ್ತದೆ, ಡಾಲರ್ ಲೆಕ್ಕ. ನಮ್ಮಲ್ಲಿ ಅದೇ ಐದು ರೂಪಾಯಿ. ದಿನಕ್ಕೊಂದು ರೂಪಾಯಿ ದಂಡವಿರುವ ಕಡೆ, ಸುಗ್ಗಿಗೆಂದು ಊರಿಗೆ ಹೋಗಿ ವಾರ ತಡವಾಗಿ ಬಂದವನಿಗೆ ಮುಂದಿನ ಪುಸ್ತಕವೇ ಬಂದ್. ಅದನ್ನು ಎಲ್ಲರಿಗೂ ನೂರಕ್ಕೆ ಏರಿಸಿದ ತಿಂಗಳಲ್ಲೇ ಕೌಂಟರಿನ ಜಗಳ ಅರ್ಧಕ್ಕರ್ಧ ನಿಂತಿತು.

ಕೊಡಬೇಕಾದದ್ದು ಮೊದಲ ಎರಡು ವಾರದಲ್ಲಿ. ಇಂಟರ್ನಲ್ ಮುಗಿದ ಮೇಲೆ ಕೊಟ್ಟ ಸೆಟ್ಟಿನಿಂದ ಅಂಕ ಏರಿದ್ದನ್ನು ನಾನು ಕಂಡಿಲ್ಲ. ಎಲ್ಲರೂ ಅಷ್ಟು ಬೇಗ ಕೌಂಟರಿಗೆ ಬರುವಂತೆ ಮಾಡಿದ್ದು ಹೇಗೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅಡ್ಮಿಷನ್ನಿನ ಒಂದು ಫಾರಂ ಅದರಲ್ಲಿದೆ ಎಂದಷ್ಟೇ ಹೇಳಬಲ್ಲೆ.

ಇದರ ಮಧ್ಯೆ ಕ್ಯಾಟಲಾಗಿನ ಒಂದು ಅಡ್ಡದಾರಿಯೂ ಹಿಡಿಯಬೇಕಾಯಿತು. ಪದವಿಯನ್ನು ಕನ್ನಡದಲ್ಲೇ ಓದಿ ಬಂದವರು ಮೊಬೈಲಿನಲ್ಲಿ ‘ಅರ್ಥಶಾಸ್ತ್ರ’ ಎಂದು ಕನ್ನಡದಲ್ಲೇ ಹುಡುಕಿದರೆ ಫಲಿತಾಂಶ ಸೊನ್ನೆ, ಆದರೆ ಕಪಾಟಿನಲ್ಲಿ ಪ್ರಸಾರಾಂಗದ ಪುಸ್ತಕಗಳು ಸಾಲಾಗಿ ನಿಂತಿವೆ. ಅರ್ಧ ದಾಖಲೆಗಳು ರೋಮನ್ ಲಿಪಿಯಲ್ಲಿ, ತಲೆಗೊಂದು ಸ್ಪೆಲ್ಲಿಂಗ್. ಉಳಿದರ್ಧ ಹಳೆಯ ಆಸ್ಕಿ ನುಡಿಯಲ್ಲಿ. ಯೂನಿಕೋಡಿಗೆ ತಿರುಗಿಸಿ, ರೋಮನ್ ದಾಖಲೆಗಳಿಗೆ 880 ಎಂಬ ಫೀಲ್ಡಿನಲ್ಲಿ ಕನ್ನಡ ಶೀರ್ಷಿಕೆ ಸೇರಿಸಿ, ಕೋಹಾದೊಳಗೆ ಹುಡುಕಾಟ ನಡೆಸುವ ಝೀಬ್ರಾವನ್ನು ಸಿಎಚ್‌ಆರ್‌ನಿಂದ ಐಸಿಯುಗೆ (ಕನ್ನಡದಂಥ ಲಿಪಿಗಳನ್ನು ಗುರುತಿಸುವ ವಿಧಾನ) ಬದಲಿಸಿ, ಪೂರ್ತಿ ರೀಇಂಡೆಕ್ಸ್ ಮಾಡಿದ ಮೇಲೆ ಸರಿಹೋಯಿತು. ಅರ್ಕಾವತ್ತು ಮಾತ್ರ ಕಾಡುತ್ತದೆ: ‘ಕಾರ್ಯ’, ‘ಕಾರ್‍ಯ’ ಎರಡೂ ಓದುವವರಿಗೆ ಒಂದೇ ಪದ, ಹುಡುಕಾಟಕ್ಕೆ ಬೇರೆ ಬೇರೆ. ಎರಡನೆಯದರೊಳಗೆ ಅಡಗಿರುವ, ಕಣ್ಣಿಗೆ ಕಾಣದ ಜೋಡಕ ಅಕ್ಷರವನ್ನು ಹುಡುಕಿ ಕಿತ್ತುಹಾಕಿ.

ಹಾಸ್ಟೆಲ್ ಪೆಟ್ಟಿಗೆ ಇನ್ನೊಂದು ಪ್ರಯೋಗ. ಸಂಜೆ ಊಟದ ಹೊತ್ತಿಗೆ ಹಾಸ್ಟೆಲ್ ಸೇರಬೇಕಾದವರಿಗೆ ರಾತ್ರಿ ಎಂಟರವರೆಗೆ ತೆರೆದ ರೀಡಿಂಗ್ ರೂಮಿನಿಂದ ಲಾಭವಿಲ್ಲ. ಟ್ರಂಕಿನಲ್ಲಿ ನಲವತ್ತು ಪುಸ್ತಕ ಹಾಕಿ ಕಳಿಸಿದೆವು. ಕೀಲಿ ವಾರ್ಡನ್ ಹತ್ತಿರವಿದ್ದ ಕಡೆ ಪೆಟ್ಟಿಗೆ ತೆರೆಯಲೇ ಇಲ್ಲ. ಸೀನಿಯರ್ ವಿದ್ಯಾರ್ಥಿಯೊಬ್ಬರಿಗೆ ಕೊಟ್ಟ ಕಡೆ ಚೆನ್ನಾಗಿ ನಡೆಯಿತು.

ಮುದ್ರಣದಲ್ಲಿಲ್ಲದ ಪುಸ್ತಕಕ್ಕೆ ಕೋರ್ಸ್ ಪ್ಯಾಕ್, ಅಂದರೆ ಬೇಕಾದ ಅಧ್ಯಾಯಗಳ ಜೆರಾಕ್ಸ್ ಕಟ್ಟು. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಕೊಟ್ಟ ತೀರ್ಪುಗಳು, ಕೃತಿಸ್ವಾಮ್ಯ ಕಾಯ್ದೆಯ 52(1)(ಐ) ಕಲಮು ಇದಕ್ಕೆ ಆಧಾರವಾಗಿ ಇವೆ. ಸಿಲಬಸ್ಸಿನ ಯಾವ ಘಟಕಕ್ಕೆ ಯಾವ ಅಧ್ಯಾಯ ಎಂದು ವಿಭಾಗದ ಸಹಿಯ ಪಟ್ಟಿ ಮಾತ್ರ ಕಡ್ಡಾಯವಾಗಿ ಇಟ್ಟುಕೊಳ್ಳಿ. ನೂರಿಪ್ಪತ್ತು ಪುಟ, ಎರಡೂ ಬದಿ, ಸ್ಪೈರಲ್ ಸೇರಿ ನೂರು ರೂಪಾಯಿ ಹತ್ತಿರ.

ಇನ್ನು ಅಳತೆ. ‘ಹೆಚ್ಚು ಪುಸ್ತಕ ಒಯ್ಯುವವರು ಹೇಗಿದ್ದರೂ ಜಾಣರೇ’ ಎಂಬ ತಕರಾರು ನ್ಯಾಯವಾದದ್ದು. ಅದಕ್ಕೇ ವಿದ್ಯಾರ್ಥಿ-ವಿದ್ಯಾರ್ಥಿಯ ನಡುವೆ ಹೋಲಿಸಬೇಡಿ. ಒಬ್ಬರದೇ ಸೆಟ್ ಸಿಕ್ಕ ಪೇಪರು, ಸಿಗದ ಪೇಪರು ಎಂದು ಹೋಲಿಸಿ. ರಿಜಿಸ್ಟರ್ ನಂಬರನ್ನು ಸದಸ್ಯ ದಾಖಲೆಯ ಒಂದು ಫೀಲ್ಡಿನಲ್ಲಿ ಇಟ್ಟುಕೊಂಡರೆ ಪರೀಕ್ಷಾ ವಿಭಾಗದ ಎಕ್ಸೆಲ್ ಜೊತೆ ಕೂಡಿಸಬಹುದು. ಜಾತಿಯನ್ನು ಕೋಹಾಗೆ ಹಾಕಲೇಬೇಡಿ, ಕೌಂಟರಿನಲ್ಲಿ ಕೂತವರಿಗೆಲ್ಲ ಕಾಣುತ್ತದೆ. ಬೇರೆ ಹಾಳೆಯಲ್ಲಿ ತಂದು, ಕೂಡಿಸಿ, ಅಳಿಸಿ. ಹಳೇ ಇಶ್ಯೂ ದಾಖಲೆಯಿಂದ ಹೆಸರು ಅಳಿಸುವ ಕ್ರಾನ್ (ಗೊತ್ತುಮಾಡಿದ ಹೊತ್ತಿಗೆ ತಾನೇ ನಡೆಯುವ ಕೆಲಸ) ಓಡುತ್ತಿದ್ದರೆ ಅದಕ್ಕೆ ಮುಂಚೆ ವರದಿ ತೆಗೆಯಿರಿ. ಗೈರುಹಾಜರಾದವರ ಸೊನ್ನೆಯನ್ನು ಸರಾಸರಿಗೆ ಸೇರಿಸಬಾರದು. ಇಪ್ಪತ್ತು ಜನರ ಗುಂಪಿನಲ್ಲಿ ಇಬ್ಬರ ಸೊನ್ನೆ ಇಡೀ ಲೆಕ್ಕವನ್ನೇ ತಿರುವುಮುರುವು ಮಾಡುತ್ತದೆ.

ವಾಪಸಾತಿ? ನೂರಕ್ಕೆ ಎರಡೋ ಮೂರೋ ಬರಲಿಲ್ಲ. ಆಡಿಟ್‌ನವರಿಗೆ ತೋರಿಸಲು ಕೇಂದ್ರದ ಸಾಮಾನ್ಯ ಹಣಕಾಸು ನಿಯಮ 2017ರ 215ನೇ ನಿಯಮವಿದೆ: ವರ್ಷಕ್ಕೆ ಇಶ್ಯೂ ಆದ ಸಾವಿರಕ್ಕೆ ಐದರವರೆಗೆ ಸಹಜ ನಷ್ಟ. ಸೆಮಿಸ್ಟರ್ ಪೂರ್ತಿ ಕೊಟ್ಟದ್ದೂ ಒಂದೇ ಇಶ್ಯೂ ಎಂದು ಎಣಿಕೆಯಾಗುವುದರಿಂದ ಬುಕ್ ಬ್ಯಾಂಕನ್ನು ಮಾತ್ರ ತೋರಿಸಿದರೆ ಮಿತಿ ದಾಟಿದಂತೆ ಕಾಣುತ್ತದೆ. ಇಡೀ ಗ್ರಂಥಾಲಯದ ಇಶ್ಯೂ ಸೇರಿಸಿದ ತಃಖ್ತೆ ಕೊಡಿ. ಜೊತೆಗೆ ಪುಸ್ತಕ ತರದವರ ನೋ-ಡ್ಯೂ (ಬಾಕಿ ಇಲ್ಲವೆಂಬ ಪತ್ರ) ತಡೆಹಿಡಿದ ಪಟ್ಟಿಯನ್ನೂ ಲಗತ್ತಿಸಿ.