ಎರೆಮಣ್ಣಿನ ಹಳ್ಳಿರಸ್ತೆಗೆ ಜಿಯೋಗ್ರಿಡ್: ನನ್ನ ಅನುಭವ

ನವಲಗುಂದ ತಾಲೂಕಿನ ಎರೆ ಸೀಮೆಯಲ್ಲಿ ನಾವು ಜಿಯೋಗ್ರಿಡ್ (ಜಲ್ಲಿಯನ್ನು ಹಿಡಿದಿಡುವ ಪ್ಲಾಸ್ಟಿಕ್ ಬಲೆ) ಹಾಸಿ ಕಟ್ಟಿದ ಸುಮಾರು ಎರಡೂವರೆ ಕಿಲೋಮೀಟರಿನ ಹಳ್ಳಿರಸ್ತೆ ನಾಲ್ಕು ಮಳೆಗಾಲಗಳನ್ನು ಕಳೆದಿದೆ. ಗ್ರಿಡ್ ಇರುವಲ್ಲಿ ಅಂಚು ಸೀಳಿಲ್ಲ, ಚಕ್ರದ ಜಾಡು ಅರ್ಧ ಇಂಚನ್ನು ಮೀರಿಲ್ಲ. ಪ್ಲಾಸ್ಟಿಕ್ ಬಲೆ ಹಾಸಿದರೆ ಎರೆಮಣ್ಣು ಸುಮ್ಮನಿರುತ್ತದೆಯೇ ಎಂದು ಅಂದು ಕೇಳಿದ್ದ ಗುತ್ತಿಗೆದಾರ ಮಿತ್ರರೇ ಇಂದು ಅಳತೆ ಕೇಳಿಕೊಂಡು ಬರುತ್ತಿದ್ದಾರೆ. ಆದ್ದರಿಂದ ನಡೆದದ್ದನ್ನು ಬರೆದಿಡುತ್ತಿದ್ದೇನೆ.

ಇದಕ್ಕೂ ಮೂರು ವರ್ಷ ಮೊದಲು ಒಂದು ಕಿಲೋಮೀಟರಿನ ಕೆಲಸದಲ್ಲಿ ನಾನು ಪೂರ್ತಿಯಾಗಿ ಸೋತಿದ್ದೆ. ನೆನೆಸಿದ ಸಿಬಿಆರ್, ಅಂದರೆ ನೀರಿನಲ್ಲಿ ನೆನೆಸಿ ಅಳೆದ ಹೊರೆ ತಡೆಯುವ ಬಲ, ಶೇಕಡಾ ಎರಡರ ಆಸುಪಾಸಿನಲ್ಲಿದ್ದ ತೀರಾ ಮೆತ್ತಗಿನ ಮಣ್ಣಿನ ಮೇಲೆ ಗ್ರಿಡ್ಡನ್ನು ನೇರವಾಗಿ ಹಾಸಿದ್ದೆವು. ಸರಬರಾಜುದಾರರ ಕಡೆಯವರೂ ಬೇರೇನೂ ಬೇಡವೆಂದಿದ್ದರು. ಎರಡನೆಯ ಮಳೆಗಾಲ ಮುಗಿದು, ಕುಸಿದ ಜಾಗವನ್ನು ಅಗೆದು ನೋಡಿದಾಗ ಜಿಎಸ್‌ಬಿಯ (ರಸ್ತೆಯ ತಳದ ಜಲ್ಲಿ ಪದರದ) ಕೆಳಗಿನ ಮೂರು ಇಂಚಿನಷ್ಟು ಜಲ್ಲಿಯ ಸಂದುಗಳಲ್ಲೆಲ್ಲ ಕಪ್ಪು ರಾಡಿ ತುಂಬಿಕೊಂಡಿತ್ತು. ಗ್ರಿಡ್ ಜಲ್ಲಿಯನ್ನು ಹಿಡಿಯುತ್ತದೆಯೇ ಹೊರತು ಕೆಸರನ್ನು ತಡೆಯುವುದಿಲ್ಲ ಎಂಬುದು ನನಗೆ ಅರ್ಥವಾದದ್ದು ಆ ಗುಂಡಿಯ ಮುಂದೆ ನಿಂತಾಗ. ಇನ್ನೂ ಎರಡು ತಪ್ಪುಗಳು ಅಲ್ಲಿಯೇ ಕಂಡವು. ಬರಿಯ ಗ್ರಿಡ್ಡಿನ ಮೇಲೆ ಟಿಪ್ಪರುಗಳನ್ನು ಓಡಿಸಿದ್ದರಿಂದ ಬಲೆಯ ಎಳೆಗಳು ಕೂಡುವ ಗಂಟುಗಳು ಮುರಿದಿದ್ದವು. ಜಲ್ಲಿ ತಳ್ಳುವಾಗ ಮುಂದೆ ಎದ್ದ ಸುಕ್ಕುಗಳು ಹಾಗೆಯೇ ಹೂತುಹೋಗಿದ್ದವು. ಸಡಿಲವಾಗಿ ಬಿದ್ದ ಗ್ರಿಡ್ ಬಿಗಿಯಾಗಬೇಕಾದರೆ ರಸ್ತೆಯೇ ಮೊದಲು ಕುಸಿಯಬೇಕು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಒಪ್ಪಂದದಲ್ಲಿ ಐದು ವರ್ಷದ ನಿರ್ವಹಣೆ ಗುತ್ತಿಗೆದಾರನದೇ ಆದ್ದರಿಂದ ಎರಡು ಸಲದ ದುರಸ್ತಿಗೆ ಏಳೆಂಟು ಲಕ್ಷ ರೂಪಾಯಿ ನನ್ನ ಕೈಯಿಂದಲೇ ಹೋಯಿತು.

ಎರಡನೆಯ ಕೆಲಸದಲ್ಲಿ ಮೊದಲು ಕೆಸರು ಮೇಲೇರದಂತೆ ನೇಯದ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅದರ ಮೇಲೆ ಎರಡೂ ದಿಕ್ಕಿಗೆ ಸಮ ಬಲದ ಪಾಲಿಪ್ರೊಪಿಲೀನ್ ಗ್ರಿಡ್, ಅದರ ಮೇಲೆ 200 ಮಿ.ಮೀ. ಜಿಎಸ್‌ಬಿ ಎಂದು ನಿರ್ಧರಿಸಿದೆ. ಬಲೆಯ ಕಣ್ಣು ಸುಮಾರು 40 ಮಿ.ಮೀ. ಇದ್ದುದರಿಂದ 53 ಮಿ.ಮೀ.ಗಿಂತ ದಪ್ಪದ ಕಲ್ಲನ್ನು ಕ್ವಾರಿಯಲ್ಲಿಯೇ ಬೇರ್ಪಡಿಸಿದೆವು, ಏಕೆಂದರೆ ಅದಕ್ಕಿಂತ ದೊಡ್ಡ ಕಲ್ಲು ಕಣ್ಣಿಗೆ ಕಚ್ಚಿಕೊಳ್ಳದೆ ಮೇಲೆಯೇ ಉರುಳಾಡುತ್ತದೆ. ಡಾಂಬರಿನ ಅಗಲ 3.75 ಮೀಟರ್ ಮಾತ್ರ ಇದ್ದರೂ ಗ್ರಿಡ್ಡನ್ನು ಶೋಲ್ಡರಿನ (ಡಾಂಬರಿನ ಎರಡೂ ಬದಿಯ ಪಟ್ಟಿಯ) ಕೆಳಗೂ ಸೇರಿಸಿ 5.5 ಮೀಟರಿಗೆ ಹಾಸಿದೆವು. ಬೇಸಿಗೆಯಲ್ಲಿ ಎರೆಮಣ್ಣು ಅಂಚಿನಿಂದ ಒಣಗುತ್ತಾ ಒಳಕ್ಕೆ ಬರುತ್ತದೆ, ನಡುವಿನ ಮಣ್ಣು ಮಾತ್ರ ತೇವವಾಗಿಯೇ ಉಳಿಯುತ್ತದೆ. ಅಂಚಿನಿಂದ ಒಂದೆರಡು ಅಡಿ ಒಳಗೆ ರಸ್ತೆಯುದ್ದಕ್ಕೂ ಬೀಳುವ ಸೀಳಿಗೆ ಕಾರಣ ಇದೇ. ಟೆಕ್ಸಾಸಿನ ಫಾರ್ಮ್ ಟು ಮಾರ್ಕೆಟ್ ರಸ್ತೆಗಳಲ್ಲಿ ಗ್ರಿಡ್ ಬಳಸಿದ್ದರ ಹಿಂದೆಯೂ ಇಂಥ ಉಬ್ಬುವ ಮಣ್ಣಿನ ಸೀಳೇ ಇತ್ತು.

ಎಲ್ಲರೂ ಸುರುಳಿಯನ್ನು ರಸ್ತೆಯುದ್ದಕ್ಕೆ ಬಿಚ್ಚುತ್ತಾರೆ. ನಾವು ಅದನ್ನು ಕತ್ತರಿಸಿ ಅಡ್ಡಲಾಗಿ ಹಾಸಿದೆವು. 4 ಮೀಟರ್ ಅಗಲದ, 50 ಮೀಟರ್ ಉದ್ದದ ಒಂದು ಸುರುಳಿಯಿಂದ 5.5 ಮೀಟರಿನ ಒಂಬತ್ತು ತುಂಡು ಬರುತ್ತವೆ, ಅರ್ಧ ಮೀಟರ್ ಮಾತ್ರ ಹಾಳು. ಹೀಗೆ ಹಾಸಿದರೆ ಸೀಳು ಬೀಳುವ ದಿಕ್ಕಿಗೆ ಎಲ್ಲಿಯೂ ಜೋಡಣೆ ಇರುವುದಿಲ್ಲ. ತುಂಡುಗಳ ನಡುವೆ 300 ಮಿ.ಮೀ. ಒಂದರ ಮೇಲೊಂದು ಬರುವಂತೆ, ಜಲ್ಲಿ ತಳ್ಳುವ ದಿಕ್ಕಿಗೆ ಹೆಂಚು ಹೊದಿಸಿದ ಹಾಗೆ ಇಟ್ಟೆವು. ಸುರಿದ ಜಲ್ಲಿಯ ಮೇಲಿಂದಲೇ ಟಿಪ್ಪರ್ ಹಿಂದಕ್ಕೆ ಬರಬೇಕು, ಆ ಜಲ್ಲಿ 150 ಮಿ.ಮೀ.ಗಿಂತ ಕಡಿಮೆ ಇರಕೂಡದು ಎಂಬ ನಿಯಮವನ್ನು ಚಾಲಕರಿಗೆ ಒಪ್ಪಿಸಲು ಮೂರು ದಿನ ನಾನೇ ಸ್ಥಳದಲ್ಲಿ ನಿಂತಿದ್ದೆ. ತುಂಡನ್ನು ಎಳೆದು ಬಿಗಿಮಾಡಲು ನಮ್ಮ ಮೇಸ್ತ್ರಿ ಹಳೆಯ ಕಬ್ಬಿಣದಲ್ಲಿ ಒಂದು ಸಾಧನ ಮಾಡಿಕೊಟ್ಟಿದ್ದಾರೆ. ಅದರ ವಿವರವನ್ನೂ ಮೊಳೆ ಹೊಡೆಯುವ ಕ್ರಮವನ್ನೂ ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ಹಣದ ಲೆಕ್ಕ ನೆನಪಿನಿಂದ ಹೇಳುವುದಾದರೆ, ಗ್ರಿಡ್ ಚದರ ಮೀಟರಿಗೆ 95 ರೂಪಾಯಿಯ ಹಾಗೆ ಹದಿನಾಲ್ಕು ಲಕ್ಷ, ಬಟ್ಟೆಗೆ ಐದೂವರೆ ಲಕ್ಷ, ಕೂಲಿ ಒಂದು ಒಂದೂವರೆ ಲಕ್ಷ. ಜಿಎಸ್‌ಬಿ 300ರಿಂದ 200 ಮಿ.ಮೀ.ಗೆ ಇಳಿದದ್ದರಿಂದ ಸುಮಾರು 1,400 ಘನ ಮೀಟರ್ ಜಲ್ಲಿ ಉಳಿಯಿತು. ನಮ್ಮ ಕಡೆ ಕ್ವಾರಿ ದೂರವಿರುವುದರಿಂದ ಲೀಡ್ (ಸಾಗಣೆ ಖರ್ಚು) ಸೇರಿ ಅದು ಇಪ್ಪತ್ತು ಲಕ್ಷದ ಬಾಬತ್ತು. ಅಂದರೆ ಕಟ್ಟುವಾಗ ಲಾಭವೇನೂ ಇರಲಿಲ್ಲ. ಕ್ವಾರಿ ಹತ್ತಿರವಿರುವ ಕಡೆ ಈ ಲೆಕ್ಕ ಕೂಡುವುದೇ ಇಲ್ಲವೆಂದು ನನ್ನ ಅಭಿಪ್ರಾಯ. ನನಗೆ ಹಣ ಉಳಿದದ್ದು ನಿರ್ವಹಣೆಯಲ್ಲಿ: ಅದೇ ವರ್ಷ ಹಳೆಯ ಪದ್ಧತಿಯಲ್ಲಿ ಕಟ್ಟಿದ ಇನ್ನೊಂದು ರಸ್ತೆಗೆ ಇದುವರೆಗೆ ಐದಾರು ಲಕ್ಷ ಸುರಿದಿದ್ದೇನೆ, ಇದಕ್ಕೆ ಐವತ್ತು ಸಾವಿರವೂ ಆಗಿಲ್ಲ. ದಪ್ಪ ಇಳಿಸಲು ಮೊದಲು ಎಂಜಿನಿಯರರು ಒಪ್ಪಿರಲಿಲ್ಲ. ರಸ್ತೆಗಳಲ್ಲಿ ಇಂಥ ಬಲೆ-ಬಟ್ಟೆಗಳನ್ನು ಬಳಸುವ ಬಗೆಗಿನ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಾದ ಐಆರ್‌ಸಿ ಎಸ್‌ಪಿ 59ರ 2019ರ ಆವೃತ್ತಿಯನ್ನು ಮುಂದಿಟ್ಟುಕೊಂಡು ನಾಲ್ಕು ಸಲ ಕುಳಿತ ಮೇಲೆ ಅನುಮತಿ ದೊರೆಯಿತು.

ಅದೇ ರಸ್ತೆಯಲ್ಲಿ ನೂರು ಮೀಟರಿಗೆ ಗ್ರಿಡ್ ಬದಲು ತೆಂಗಿನ ನಾರಿನ ಜಾಲರಿ ಹಾಸಿ ನೋಡಿದೆ. ಎರಡು ವರ್ಷಕ್ಕೆ ನಾರು ಕೊಳೆತಿತ್ತು, ಆದರೂ ರಸ್ತೆ ಇನ್ನೂ ನಿಂತಿದೆ; ಅದರ ಮೇಲೆ ನನಗಿನ್ನೂ ಆಸೆ ಇದೆ. ಇನ್ನೊಂದು ಕಡೆ ಅರವತ್ತು ಮೀಟರಿಗೆ ಏನನ್ನೂ ಹಾಸದೆ 300 ಮಿ.ಮೀ. ಜಿಎಸ್‌ಬಿಯನ್ನೇ ಹಾಕಿದ್ದೆವು. ಮೂರನೆಯ ಬೇಸಿಗೆಯಲ್ಲಿ ಅಲ್ಲಿ ಎರಡೂ ಅಂಚುಗಳಲ್ಲಿ ಬೆರಳು ತೂರುವಷ್ಟು ಸೀಳು ಬಿದ್ದು, ಗ್ರಿಡ್ ಆರಂಭವಾಗುವ ಸುಣ್ಣದ ಗುರುತಿನಿಂದ ಒಂದು ಮಾರು ಈಚೆಗೆ ನಿಂತಿತು. ಕೆಲಸವನ್ನು ಸಂದೇಹಿಸಿದ್ದವರನ್ನೆಲ್ಲ ಕರೆದೊಯ್ದು ಅದನ್ನು ತೋರಿಸಿದ ಮೇಲೆಯೇ ಡಾಂಬರು ಸುರಿದು ಮುಚ್ಚಿದೆ.

ಮುಂದಿನ ಕೆಲಸ ಮಲಪ್ರಭಾ ಕಾಲುವೆಯ ಪಕ್ಕದ ರಸ್ತೆಯದು. ಅಲ್ಲಿ ವರ್ಷದ ಬಹುಕಾಲ ನೀರು ಜಿನುಗುತ್ತದೆ, ಬದಿಯ ಚರಂಡಿಗೆ ಇಳಿಜಾರೇ ಇಲ್ಲ. ಬಸಿಗಾಲುವೆಯ ಖರ್ಚು ಅಂದಾಜು ಪಟ್ಟಿಗೆ ಸೇರುವವರೆಗೆ ಅಲ್ಲಿ ಗ್ರಿಡ್ ಹಾಸಲು ನಾನು ಒಪ್ಪಿಲ್ಲ.